ದಂತ ಚಿಕಿತ್ಸೆಯ ಭಯವುಳ್ಳವರಿಗೆ ಹಾಗೂ ವಕ್ರದಂತ ತೊಂದರೆಯುಳ್ಳವರಿಗೆ ಲಭ್ಯವಿರುವ ಚಿಕಿತ್ಸೆಗಳು: ಸಾರ್ವಜನಿಕರ ಮಾಹಿತಿ

1. ಪೀಠಿಕೆ

ಹಲ್ಲಿನ ತೊಂದರೆಯಿದ್ದರೂ ಚಿಕಿತ್ಸೆಗೆ ಬಾರದಿರುವವರಲ್ಲಿ ಎರಡು ವರ್ಗದವರು ಹೆಚ್ಚಾಗಿ ಕಂಡುಬರುತ್ತಾರೆ. ಚುಚ್ಚುಮದ್ದು, ಡ್ರಿಲ್ಲಿನ ಸದ್ದು ಅಥವಾ ಹಿಂದಿನ ನೋವಿನ ನೆನಪಿನಿಂದ ಹೆದರಿ ದಂತವೈದ್ಯರ ಬಳಿಗೆ ಹೋಗುವುದನ್ನು ಮುಂದೂಡುವವರು ಮೊದಲನೆಯ ವರ್ಗದವರು. ಉಬ್ಬುಹಲ್ಲು, ಒತ್ತೊತ್ತಾದ ಹಲ್ಲು, ಮೇಲಿನ ಮತ್ತು ಕೆಳಗಿನ ಹಲ್ಲುಗಳು ಸರಿಯಾಗಿ ಕೂಡದಿರುವುದು ಮುಂತಾದ ತೊಂದರೆಗಳಿದ್ದರೂ ಅವುಗಳನ್ನು ಕೇವಲ ಅಂದಚಂದದ ವಿಷಯವೆಂದು ಭಾವಿಸಿ ಸುಮ್ಮನಿರುವವರು ಅಥವಾ ಜಾಹೀರಾತು ನೋಡಿ ಅವಸರದ ತೀರ್ಮಾನ ಕೈಗೊಳ್ಳುವವರು ಎರಡನೆಯ ವರ್ಗದವರು.

ಈ ಎರಡೂ ವರ್ಗದವರಿಗೆ ಇಂದು ಹಲವು ಆಯ್ಕೆಗಳಿವೆ. ಆದರೆ ರೋಗಿಯು ತನ್ನ ಭಯವನ್ನು ಚಿಕಿತ್ಸೆ ಆರಂಭವಾಗುವ ಮೊದಲೇ ವೈದ್ಯರಿಗೆ ತಿಳಿಸಿದಾಗ ಮಾತ್ರ ಅವರು ಸೂಕ್ತ ವಿಧಾನವನ್ನು ಆಯ್ಕೆ ಮಾಡಲು ಸಾಧ್ಯ. ಭಯವನ್ನು ಹೇಳಿಕೊಳ್ಳುವುದು ನಾಚಿಕೆಯ ಸಂಗತಿಯಲ್ಲ. ರಕ್ತದೊತ್ತಡ ಅಥವಾ ಮಧುಮೇಹ ಇದೆಯೆಂದು ತಿಳಿಸುವಷ್ಟೇ ಅದು ಅವಶ್ಯಕ.

2. ಭಯದಿಂದ ಚಿಕಿತ್ಸೆ ಮುಂದೂಡಿದಲ್ಲಿ ಆಗುವ ಪರಿಣಾಮಗಳು

ಹಲ್ಲಿನ ಹುಳುಕು ತಾನಾಗಿ ಗುಣವಾಗುವುದಿಲ್ಲ. ಆರಂಭದಲ್ಲಿ ಅದು ಹಲ್ಲಿನ ಹೊರಕವಚದಲ್ಲಿರುತ್ತದೆ. ಈ ಹಂತದಲ್ಲಿ ಸಣ್ಣ ತುಂಬುವಿಕೆಯಿಂದ ಚಿಕಿತ್ಸೆ ಮುಗಿಯುತ್ತದೆ ಮತ್ತು ಅನೇಕ ವೇಳೆ ಚುಚ್ಚುಮದ್ದಿನ ಅಗತ್ಯವೂ ಇರುವುದಿಲ್ಲ. ಹುಳುಕು ಹಲ್ಲಿನೊಳಗಿನ ನರದವರೆಗೆ ತಲುಪಿದಲ್ಲಿ ರೂಟ್ ಕೆನಾಲ್ ಚಿಕಿತ್ಸೆ ಬೇಕಾಗುತ್ತದೆ. ಬೇರಿನ ತುದಿಯಲ್ಲಿ ಕೀವು ಕಟ್ಟಿದಲ್ಲಿ ಹಲ್ಲನ್ನೇ ಕೀಳಬೇಕಾಗಿ ಬರಬಹುದು. ಹೀಗೆ, ಯಾವ ಚುಚ್ಚುಮದ್ದಿಗೆ ಹೆದರಿ ಚಿಕಿತ್ಸೆಯನ್ನು ಮುಂದೂಡಲಾಯಿತೋ ಅದೇ ಚುಚ್ಚುಮದ್ದು ಅನಿವಾರ್ಯವಾಗುತ್ತದೆ. ಇದಲ್ಲದೆ, ಕೀವು ಇರುವ ಜಾಗದಲ್ಲಿ ಅರಿವಳಿಕೆ ಔಷಧಿಯು ಪೂರ್ಣವಾಗಿ ಕೆಲಸ ಮಾಡದಿರುವ ಸಾಧ್ಯತೆಯೂ ಇರುತ್ತದೆ.

ತುರ್ತು ಸೂಚನೆ: ಹಲ್ಲುನೋವಿನೊಂದಿಗೆ ದವಡೆಯ ಕೆಳಗೆ ಅಥವಾ ಕುತ್ತಿಗೆಗೆ ಊತ ಹರಡುವುದು, ಬಾಯಿ ತೆರೆಯಲು ಆಗದಿರುವುದು, ನುಂಗಲು ಅಥವಾ ಉಸಿರಾಡಲು ಕಷ್ಟವಾಗುವುದು, ಜ್ವರ ಬರುವುದು ಇವು ಪ್ರಾಣಾಪಾಯದ ಲಕ್ಷಣಗಳು. ಇಂತಹ ಸಂದರ್ಭದಲ್ಲಿ ನೋವಿನ ಮಾತ್ರೆ ನುಂಗಿ ಕಾಯದೆ ತಕ್ಷಣ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ತೆರಳತಕ್ಕದ್ದು. ಅಗತ್ಯವಿದ್ದಲ್ಲಿ 108 ಆಂಬುಲೆನ್ಸ್‌ಗೆ ಕರೆ ಮಾಡತಕ್ಕದ್ದು.

3. ಭಯದ ಪ್ರಮಾಣವನ್ನು ತಿಳಿಯುವ ಬಗೆ

ದಂತ ಚಿಕಿತ್ಸೆಯ ಭಯವನ್ನು ಅಳೆಯಲು ವೈದ್ಯರು ಪ್ರಶ್ನಾವಳಿಗಳನ್ನು ಬಳಸುತ್ತಾರೆ. ಅಮೆರಿಕದ ನಾರ್ಮನ್ ಕೋರಾ ಅವರು 1969ರಲ್ಲಿ 4 ಪ್ರಶ್ನೆಗಳ ಮಾಪಕವನ್ನು ಪ್ರಕಟಿಸಿದರು. ಅದರ ಪರಿಷ್ಕೃತ ರೂಪ 1995ರಲ್ಲಿ ಬಂದಿತು. ಇದರಲ್ಲಿ ಐದು ಸಂದರ್ಭಗಳ ಬಗ್ಗೆ ಕೇಳಲಾಗುತ್ತದೆ:

(ಅ) ನಾಳೆ ದಂತವೈದ್ಯರ ಬಳಿಗೆ ಹೋಗಬೇಕಾಗಿರುವುದು
(ಆ) ಸರದಿಗಾಗಿ ಹೊರಗೆ ಕಾಯುವುದು
(ಇ) ಹಲ್ಲನ್ನು ಡ್ರಿಲ್ ಮಾಡಿಸಿಕೊಳ್ಳುವುದು
(ಈ) ಹಲ್ಲು ಶುಚಿ ಮಾಡಿಸಿಕೊಳ್ಳುವುದು
(ಉ) ಒಸಡಿಗೆ ಚುಚ್ಚುಮದ್ದು ಹಾಕಿಸಿಕೊಳ್ಳುವುದು

ಪ್ರತಿಯೊಂದಕ್ಕೂ "ಭಯವಿಲ್ಲ" ಎಂಬುದಕ್ಕೆ 1 ಅಂಕದಿಂದ "ಅತಿಯಾದ ಭಯ" ಎಂಬುದಕ್ಕೆ 5 ಅಂಕದವರೆಗೆ ನೀಡಲಾಗುತ್ತದೆ. ಒಟ್ಟು 25ಕ್ಕೆ 19 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದಲ್ಲಿ ತೀವ್ರ ಭಯವೆಂದು ಪರಿಗಣಿಸಲಾಗುತ್ತದೆ. ಮೇಲಿನ ಐದರಲ್ಲಿ ತಮಗೆ ಯಾವುದು ಹೆಚ್ಚು ಭಯ ತರುತ್ತದೆ ಎಂಬುದನ್ನು ಮನೆಯಲ್ಲಿಯೇ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಹೊರರೋಗಿ ಚೀಟಿಯೊಂದಿಗೆ ವೈದ್ಯರಿಗೆ ನೀಡಬಹುದು. ಬಾಯಲ್ಲಿ ಹೇಳಲು ಸಂಕೋಚಪಡುವವರಿಗೆ ಇದು ಸುಲಭ.

4. ಭಯವನ್ನು ನಿವಾರಿಸುವ ವಿಧಾನಗಳು

ಈ ವಿಧಾನಗಳನ್ನು ಸರಳವಾದುದರಿಂದ ಆರಂಭಿಸಿ ಕ್ರಮವಾಗಿ ಕೆಳಗೆ ನೀಡಲಾಗಿದೆ. ಸರಳ ವಿಧಾನದಿಂದ ಕೆಲಸವಾಗುವಲ್ಲಿ ಹೆಚ್ಚಿನ ವಿಧಾನವನ್ನು ಕೋರುವುದು ಅನಗತ್ಯ. ಏಕೆಂದರೆ ಮೇಲಿನ ಹಂತಗಳಿಗೆ ಹೋದಂತೆಲ್ಲ ವೆಚ್ಚ, ಪೂರ್ವಸಿದ್ಧತೆ ಮತ್ತು ಅಪಾಯದ ಸಾಧ್ಯತೆ ಹೆಚ್ಚುತ್ತವೆ.

4.1 ಮಾತು ಮತ್ತು ಸಂಕೇತ: ಹೇಳಿ, ತೋರಿಸಿ, ನಂತರ ಮಾಡುವ ಪದ್ಧತಿಯು 1959ರಿಂದ ಮಕ್ಕಳ ದಂತ ಚಿಕಿತ್ಸೆಯಲ್ಲಿ ರೂಢಿಯಲ್ಲಿದೆ. ಉಪಕರಣವನ್ನು ಮೊದಲು ಪರಿಚಯಿಸಿ, ಅದು ತಿರುಗುವುದನ್ನು ಬೆರಳ ಉಗುರಿನ ಮೇಲೆ ತೋರಿಸಿ, ಬಳಿಕ ಬಾಯಿಯಲ್ಲಿ ಬಳಸಲಾಗುತ್ತದೆ. ವಯಸ್ಕರಿಗೂ ಇದನ್ನು ಕೋರಬಹುದು. ಎಡಗೈ ಎತ್ತಿದರೆ ಕೆಲಸ ನಿಲ್ಲಿಸಬೇಕೆಂದು ಮೊದಲೇ ವೈದ್ಯರೊಂದಿಗೆ ಗೊತ್ತುಮಾಡಿಕೊಳ್ಳುವುದು ಬಹಳ ಉಪಯುಕ್ತ. ನಿಲ್ಲಿಸುವ ಅಧಿಕಾರ ತನ್ನ ಕೈಯಲ್ಲಿದೆ ಎಂಬ ಅರಿವೇ ಭಯವನ್ನು ತಗ್ಗಿಸುತ್ತದೆ.

4.2 ನೋವಿಲ್ಲದ ಚುಚ್ಚುಮದ್ದು: ಚುಚ್ಚುವ ಜಾಗಕ್ಕೆ ಮೊದಲು ಅರಿವಳಿಕೆ ಮುಲಾಮು ಹಚ್ಚಿ, ಒಂದೆರಡು ನಿಮಿಷ ಬಿಟ್ಟು, ಸಣ್ಣ ಸೂಜಿಯಿಂದ ನಿಧಾನವಾಗಿ ಔಷಧಿ ನೀಡಿದಲ್ಲಿ ನೋವು ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಇಂದು ಬಳಸುವ ಲಿಗ್ನೊಕೇನ್ ಔಷಧಿಯನ್ನು ಸ್ವೀಡನ್ನಿನಲ್ಲಿ 1943ರಲ್ಲಿ ತಯಾರಿಸಲಾಯಿತು. ಕೆಳದವಡೆಗೆ ಚುಚ್ಚುಮದ್ದು ನೀಡಿದ ನಂತರ ತುಟಿ ಮತ್ತು ನಾಲಿಗೆಯ ಜೋಮು ಕೆಲವು ಗಂಟೆಗಳ ಕಾಲ ಇರುತ್ತದೆ. ಆ ಅವಧಿಯಲ್ಲಿ ಮಕ್ಕಳು ತುಟಿ ಕಚ್ಚಿಕೊಳ್ಳದಂತೆ ಪೋಷಕರು ಗಮನಿಸತಕ್ಕದ್ದು.

4.3 ಡ್ರಿಲ್ ಬಳಸದ ಚಿಕಿತ್ಸೆಗಳು: ಕೈ ಉಪಕರಣದಿಂದ ಮಾತ್ರ ಹುಳುಕನ್ನು ತೆಗೆದು ಗ್ಲಾಸ್ ಅಯನೋಮರ್ ಸಿಮೆಂಟ್ ತುಂಬುವ ವಿಧಾನವಿದೆ. ಶೇ. 38ರ ಸಿಲ್ವರ್ ಡೈಅಮೈನ್ ಫ್ಲೋರೈಡ್ ದ್ರಾವಣವನ್ನು ಹಚ್ಚಿ ಹುಳುಕು ಮುಂದುವರಿಯದಂತೆ ತಡೆಯುವ ವಿಧಾನವೂ ಇದೆ. ಈ ಎರಡೂ ವಸ್ತುಗಳನ್ನು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಸದರಿ ದ್ರಾವಣವು ಹುಳುಕಿನ ಭಾಗವನ್ನು ಶಾಶ್ವತವಾಗಿ ಕಪ್ಪಾಗಿಸುವುದರಿಂದ ಮುಂಭಾಗದ ಹಲ್ಲುಗಳಿಗೆ ಹಚ್ಚಿಸುವ ಮೊದಲು ಪೋಷಕರು ಈ ವಿಷಯವನ್ನು ತಿಳಿದಿರಬೇಕು. ನರದವರೆಗೆ ತಲುಪಿದ ಹುಳುಕಿಗೆ ಈ ವಿಧಾನಗಳು ಸಾಲುವುದಿಲ್ಲ.

4.4 ನೈಟ್ರಸ್ ಆಕ್ಸೈಡ್ (ನಗೆ ಅನಿಲ): ಇದನ್ನು ಆಮ್ಲಜನಕದೊಂದಿಗೆ ಬೆರೆಸಿ ಮೂಗಿನ ಮೇಲಿನ ಮಾಸ್ಕ್ ಮೂಲಕ ನೀಡಲಾಗುತ್ತದೆ. ರೋಗಿಯು ಎಚ್ಚರವಾಗಿದ್ದು ಮಾತಿಗೆ ಸ್ಪಂದಿಸುತ್ತಾನೆ, ಆದರೆ ಆತಂಕ ತಗ್ಗಿರುತ್ತದೆ. ಅನಿಲವನ್ನು ನಿಲ್ಲಿಸಿ ಶುದ್ಧ ಆಮ್ಲಜನಕ ನೀಡಿದ ಕೆಲವೇ ನಿಮಿಷಗಳಲ್ಲಿ ಅದರ ಪರಿಣಾಮ ಇಳಿಯುತ್ತದೆ. ಇದು ಚುಚ್ಚುಮದ್ದಿಗೆ ಬದಲಿಯಲ್ಲ, ಚುಚ್ಚುಮದ್ದನ್ನು ಸಹಿಸಲು ನೆರವು. ಗರ್ಭಿಣಿಯರು, ಮೂಗು ಕಟ್ಟಿರುವವರು, ಬಿ-12 ಜೀವಸತ್ವದ ಕೊರತೆಯುಳ್ಳವರು ಹಾಗೂ ಇತ್ತೀಚೆಗೆ ಕಣ್ಣು ಅಥವಾ ಕಿವಿಯ ಶಸ್ತ್ರಚಿಕಿತ್ಸೆಯಾದವರು ಮೊದಲೇ ತಿಳಿಸತಕ್ಕದ್ದು. ಈ ಸೌಲಭ್ಯವು ಎಲ್ಲ ಚಿಕಿತ್ಸಾಲಯಗಳಲ್ಲಿ ಇರುವುದಿಲ್ಲವಾದ್ದರಿಂದ ಮುಂಚಿತವಾಗಿ ವಿಚಾರಿಸುವುದು ಸೂಕ್ತ.

4.5 ಮಂಪರು ಔಷಧಿ: ಮಾತ್ರೆಯ ರೂಪದಲ್ಲಿ ಅಥವಾ ರಕ್ತನಾಳದ ಮೂಲಕ ನೀಡುವ ಈ ಔಷಧಿಗಳಿಂದ ತೂಕಡಿಕೆ ಬರುತ್ತದೆ ಮತ್ತು ಚಿಕಿತ್ಸೆಯ ನೆನಪು ಅಸ್ಪಷ್ಟವಾಗಿರುತ್ತದೆ. ತರಬೇತಿ ಹೊಂದಿದ ವೈದ್ಯರು, ನಾಡಿ ಹಾಗೂ ಆಮ್ಲಜನಕದ ಪ್ರಮಾಣವನ್ನು ಗಮನಿಸುವ ಉಪಕರಣ ಮತ್ತು ತುರ್ತು ಔಷಧಿಗಳು ಇರುವಲ್ಲಿ ಮಾತ್ರ ಇದನ್ನು ಮಾಡಿಸಿಕೊಳ್ಳತಕ್ಕದ್ದು. ರೋಗಿಯ ಜೊತೆ ಒಬ್ಬ ವಯಸ್ಕರು ಬರುವುದು ಕಡ್ಡಾಯ. ಅನಂತರದ 24 ಗಂಟೆಗಳ ಕಾಲ ವಾಹನ ಚಲಾಯಿಸಬಾರದು ಹಾಗೂ ಮುಖ್ಯ ಕಾಗದಪತ್ರಗಳಿಗೆ ಸಹಿ ಮಾಡಬಾರದು.

4.6 ಪೂರ್ಣ ಅರಿವಳಿಕೆ: ಅತಿ ಚಿಕ್ಕ ಮಕ್ಕಳಲ್ಲಿ ಹಲವು ಹಲ್ಲುಗಳು ಹಾಳಾಗಿರುವಾಗ, ಬೌದ್ಧಿಕ ಅಸಾಮರ್ಥ್ಯ ಅಥವಾ ಆಟಿಸಂ ಕಾರಣದಿಂದ ಸಹಕರಿಸಲು ಸಾಧ್ಯವಾಗದಿರುವಾಗ ಅಥವಾ ದೊಡ್ಡ ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಿ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರ ಸಮ್ಮುಖದಲ್ಲಿ ಇದನ್ನು ನೀಡಲಾಗುತ್ತದೆ. ಸಾಮಾನ್ಯವಾಗಿ 6 ಗಂಟೆ ಮೊದಲು ಘನ ಆಹಾರವನ್ನು ಮತ್ತು 2 ಗಂಟೆ ಮೊದಲು ನೀರನ್ನು ನಿಲ್ಲಿಸಬೇಕಾಗುತ್ತದೆ. ಆಯಾ ಆಸ್ಪತ್ರೆಯ ಸೂಚನೆಯೇ ಅಂತಿಮ.

4.7 ಮಾನಸಿಕ ಆರೋಗ್ಯ ನೆರವು: ದಂತವೈದ್ಯರ ಬಳಿಗೆ ಹೋಗುವ ಯೋಚನೆಯಿಂದಲೇ ನಿದ್ರೆ ಬಾರದಿರುವುದು, ಎದೆಬಡಿತ, ಬೆವರುವುದು ಮುಂತಾದ ಲಕ್ಷಣಗಳಿರುವವರಿಗೆ ಆಪ್ತಸಮಾಲೋಚನೆ ಹಾಗೂ ವರ್ತನಾ ಚಿಕಿತ್ಸೆಯಿಂದ ಪರಿಹಾರ ದೊರೆಯುತ್ತದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಉಚಿತ ಸಹಾಯವಾಣಿಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇದರ ರಾಷ್ಟ್ರಮಟ್ಟದ ಉನ್ನತ ಕೇಂದ್ರವಾಗಿದೆ. ಕನ್ನಡದಲ್ಲಿಯೂ ಮಾತನಾಡಬಹುದು.

5. ವಕ್ರದಂತ: ಯಾರಿಗೆ ಚಿಕಿತ್ಸೆ ಅಗತ್ಯ

ಸ್ವಲ್ಪ ವಾರೆಯಾಗಿರುವ ಪ್ರತಿಯೊಂದು ಹಲ್ಲಿಗೂ ಚಿಕಿತ್ಸೆ ಬೇಕಿಲ್ಲ. ಬ್ರಿಟನ್ನಿನಲ್ಲಿ 1989ರಲ್ಲಿ ಪ್ರಕಟವಾದ ಚಿಕಿತ್ಸಾ ಅಗತ್ಯ ಸೂಚಿಯು ತೊಂದರೆಯನ್ನು 5 ದರ್ಜೆಗಳಾಗಿ ವಿಂಗಡಿಸುತ್ತದೆ. 1 ಮತ್ತು 2ನೇ ದರ್ಜೆಯವರಿಗೆ ಹಲ್ಲಿನ ಆರೋಗ್ಯದ ದೃಷ್ಟಿಯಿಂದ ಚಿಕಿತ್ಸೆಯ ಅಗತ್ಯ ಇಲ್ಲ ಅಥವಾ ಅತ್ಯಲ್ಪ. 3ನೇ ದರ್ಜೆಯು ಗಡಿರೇಖೆ. 4 ಮತ್ತು 5ನೇ ದರ್ಜೆಯವರಿಗೆ ಚಿಕಿತ್ಸೆ ಅಗತ್ಯ.

ಕೆಳಕಂಡ ಸಂದರ್ಭಗಳಲ್ಲಿ ತಜ್ಞರ ಪರೀಕ್ಷೆ ಮಾಡಿಸುವುದು ಸೂಕ್ತ:

- ಮೇಲಿನ ಮುಂಭಾಗದ ಹಲ್ಲುಗಳು ಹೆಚ್ಚು ಮುಂದಕ್ಕೆ ಚಾಚಿರುವುದು (ಮಕ್ಕಳು ಬಿದ್ದಾಗ ಇಂತಹ ಹಲ್ಲುಗಳು ಬೇಗ ಮುರಿಯುತ್ತವೆ)
- ಕೆಳದವಡೆ ಮೇಲ್ದವಡೆಗಿಂತ ಮುಂದಿರುವುದು
- ಹಲ್ಲು ಕಚ್ಚಿದಾಗ ಮುಂಭಾಗದಲ್ಲಿ ಸಂದು ಉಳಿಯುವುದು ಅಥವಾ ಕೆಳಗಿನ ಹಲ್ಲುಗಳು ಮೇಲಿನ ಒಸಡಿಗೆ ತಾಗುವುದು
- ಕೋರೆಹಲ್ಲು ಸಕಾಲದಲ್ಲಿ ಹುಟ್ಟದಿರುವುದು
- ಒತ್ತೊತ್ತಾದ ಹಲ್ಲುಗಳಿಂದಾಗಿ ಬ್ರಷ್ ತಲುಪದೆ ಒಸಡಿನಿಂದ ರಕ್ತ ಬರುವುದು
- ನಾಲ್ಕು ವರ್ಷ ದಾಟಿದ ಮಗು ಬೆರಳು ಚೀಪುವುದನ್ನು ಬಿಡದಿರುವುದು
- ಹಾಲುಹಲ್ಲು ಅವಧಿಗೆ ಮೊದಲೇ ಬಿದ್ದುಹೋಗಿರುವುದು

ಮಗುವಿಗೆ 7 ವರ್ಷ ತುಂಬುವ ಹೊತ್ತಿಗೆ ಒಮ್ಮೆ ಪರೀಕ್ಷೆ ಮಾಡಿಸಬೇಕೆಂಬುದು ಅಮೆರಿಕದ ವಕ್ರದಂತ ತಜ್ಞರ ಸಂಘದ ಸಲಹೆ. ಆ ವಯಸ್ಸಿನಲ್ಲಿಯೇ ಕ್ಲಿಪ್ ಹಾಕಬೇಕೆಂದು ಇದರ ಅರ್ಥವಲ್ಲ. ಹಾಲುಹಲ್ಲಿನ ಜಾಗ ಮುಚ್ಚಿಹೋಗದಂತೆ ಸಣ್ಣ ಉಪಕರಣ ಅಳವಡಿಸುವುದು ಮುಂತಾದ ಸುಲಭ ಕ್ರಮಗಳಿಗೆ ಅದು ತಕ್ಕ ಸಮಯ. ದವಡೆಯ ಬೆಳವಣಿಗೆಯನ್ನು ತಿದ್ದುವ ಉಪಕರಣಗಳು ಮಗು ಬೇಗನೆ ಎತ್ತರ ಬೆಳೆಯುವ ಪ್ರಾಯದಲ್ಲಿ ಮಾತ್ರ ಫಲ ನೀಡುತ್ತವೆ. ಆ ಅವಧಿ ಕಳೆದು ಬೆಳವಣಿಗೆ ಪೂರ್ಣಗೊಂಡ ಬಳಿಕ ದವಡೆಯ ದೊಡ್ಡ ವ್ಯತ್ಯಾಸವನ್ನು ಸರಿಪಡಿಸಲು ಶಸ್ತ್ರಚಿಕಿತ್ಸೆ ಬೇಕಾಗಬಹುದು. ಕೇವಲ ಹಲ್ಲನ್ನು ಸರಿಸುವುದಕ್ಕೆ ಮಾತ್ರ ವಯಸ್ಸಿನ ಮಿತಿಯಿಲ್ಲ. ಒಸಡು ಮತ್ತು ಎಲುಬು ಆರೋಗ್ಯವಾಗಿದ್ದರೆ 40 ಅಥವಾ 50ನೇ ವಯಸ್ಸಿನಲ್ಲಿಯೂ ಸಾಧ್ಯ.

6. ವಕ್ರದಂತ ಚಿಕಿತ್ಸೆಯ ವಿಧಗಳು

6.1 ಲೋಹದ ಕ್ಲಿಪ್ (ಬ್ರೇಸಸ್): ಪ್ರತಿ ಹಲ್ಲಿಗೆ ಬ್ರಾಕೆಟ್ ಅಂಟಿಸಿ ತಂತಿ ಹಾಯಿಸಲಾಗುತ್ತದೆ. ಎಲ್ಲ ಬಗೆಯ ತೊಂದರೆಗಳಿಗೂ ಒದಗುವ, ಸಾಮಾನ್ಯವಾಗಿ ಕಡಿಮೆ ವೆಚ್ಚದ ವಿಧಾನವಿದು. ಚಿಕಿತ್ಸೆಗೆ ಸುಮಾರು 18ರಿಂದ 24 ತಿಂಗಳು ಬೇಕಾಗುತ್ತದೆ. ಜಟಿಲ ಪ್ರಕರಣಗಳಲ್ಲಿ ಇನ್ನೂ ಹೆಚ್ಚು.

6.2 ಸೆರಾಮಿಕ್ ಕ್ಲಿಪ್: ಹಲ್ಲಿನ ಬಣ್ಣದ್ದಾಗಿದ್ದು ಎದ್ದು ಕಾಣುವುದಿಲ್ಲ. ಲೋಹದ್ದಕ್ಕಿಂತ ಬೇಗ ಮುರಿಯುತ್ತದೆ.

6.3 ಒಳಭಾಗದ ಕ್ಲಿಪ್: ನಾಲಿಗೆಯ ಕಡೆಗೆ ಅಂಟಿಸಲಾಗುತ್ತದೆ. ಹೊರಗೆ ಕಾಣುವುದಿಲ್ಲ. ಆರಂಭದಲ್ಲಿ ಮಾತಿನ ಉಚ್ಚಾರಣೆಗೆ ತೊಡಕಾಗಬಹುದು.

6.4 ಪಾರದರ್ಶಕ ಅಲೈನರ್: ಅಮೆರಿಕದಲ್ಲಿ 1999ರಿಂದ ಬಳಕೆಗೆ ಬಂದ ಈ ತೆಳುವಾದ ಪ್ಲಾಸ್ಟಿಕ್ ಕವಚಗಳನ್ನು ದಿನಕ್ಕೆ 20ರಿಂದ 22 ಗಂಟೆ ಧರಿಸಿ, ವಾರ ಅಥವಾ ಎರಡು ವಾರಕ್ಕೊಮ್ಮೆ ಬದಲಾಯಿಸಬೇಕು. ಊಟದ ಸಮಯದಲ್ಲಿ ತೆಗೆಯಬಹುದು. ಧರಿಸುವ ಶಿಸ್ತು ಇಲ್ಲದವರಿಗೆ ಇದು ತಕ್ಕದ್ದಲ್ಲ. ಜಟಿಲ ತೊಂದರೆಗಳಿಗೆ ಸಾಲದೆಯೂ ಹೋಗಬಹುದು.

ಎಲ್ಲ ವಿಧಾನಗಳಲ್ಲಿಯೂ ಚಿಕಿತ್ಸೆ ಮುಗಿದ ನಂತರ ರಿಟೇನರ್ ಧರಿಸುವುದು ಕಡ್ಡಾಯ. ಇಲ್ಲದಿದ್ದಲ್ಲಿ ಹಲ್ಲುಗಳು ಹಳೆಯ ಸ್ಥಾನದತ್ತ ಮರಳುತ್ತವೆ.

ವಿಶೇಷ ಸೂಚನೆ: ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳು ಹಾಗೂ ತುಮಕೂರು ಜಿಲ್ಲೆಯ ಪಾವಗಡ ಮುಂತಾದ ಪ್ರದೇಶಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಾಗಿರುವ ಕಾರಣ ಅನೇಕರ ಹಲ್ಲುಗಳಲ್ಲಿ ಕಂದು ಕಲೆಗಳಿರುತ್ತವೆ. ಇಂತಹ ಹಲ್ಲುಗಳಿಗೆ ಬ್ರಾಕೆಟ್ ಸುಲಭವಾಗಿ ಅಂಟುವುದಿಲ್ಲ ಮತ್ತು ಪದೇ ಪದೇ ಕಳಚಬಹುದು. ಇದಕ್ಕೆ ಪ್ರತ್ಯೇಕ ಕ್ರಮಗಳಿರುವುದರಿಂದ ಮೊದಲ ಭೇಟಿಯಲ್ಲಿಯೇ ಚರ್ಚಿಸತಕ್ಕದ್ದು.

7. ಭಯ ಮತ್ತು ವಕ್ರದಂತ ಎರಡೂ ಇರುವವರಿಗೆ

ಕ್ಲಿಪ್ ಅಂಟಿಸಲು ಚುಚ್ಚುಮದ್ದು ಬೇಕಿಲ್ಲ, ಹಲ್ಲನ್ನು ಕೊರೆಯುವುದೂ ಇಲ್ಲ. ತಂತಿ ಬಿಗಿಗೊಳಿಸಿದ ನಂತರ ಎರಡರಿಂದ ನಾಲ್ಕು ದಿನ ಅಗಿಯುವಾಗ ನೋವಿರುತ್ತದೆ. ಮೆತ್ತನೆಯ ಆಹಾರದಿಂದ ಇದನ್ನು ನಿಭಾಯಿಸಬಹುದು. ಬಾಯಿಗೆ ಅಚ್ಚಿನ ಪದಾರ್ಥ ಹಾಕಿದಾಗ ವಾಕರಿಕೆ ಬರುವವರು ಸ್ಕ್ಯಾನರ್ ಮೂಲಕ ಅಳತೆ ತೆಗೆಯುವ ಸೌಲಭ್ಯವಿದೆಯೇ ಎಂದು ವಿಚಾರಿಸಬಹುದು.

ಜಾಗದ ಕೊರತೆಯಿರುವಲ್ಲಿ ಕೋರೆಹಲ್ಲಿನ ಹಿಂದಿನ ಹಲ್ಲುಗಳನ್ನು ಕೀಳಬೇಕಾಗುವುದುಂಟು. ಭಯವುಳ್ಳವರಿಗೆ ಇದೇ ಕಠಿಣ ಘಟ್ಟ. ಕಂಡಿಕೆ 4ರ ವಿಧಾನಗಳು ಇಲ್ಲಿ ಅನ್ವಯಿಸುತ್ತವೆ. ಎಲ್ಲ ಹಲ್ಲುಗಳನ್ನು ಒಂದೇ ದಿನ ಕೀಳದೆ ಬೇರೆ ಬೇರೆ ದಿನ ಕೀಳುವಂತೆಯೂ ಕೋರಬಹುದು. ಹುಳುಕು ಮತ್ತು ಒಸಡಿನ ತೊಂದರೆಗಳನ್ನು ಮೊದಲು ಗುಣಪಡಿಸಿಕೊಂಡ ನಂತರವೇ ಕ್ಲಿಪ್ ಹಾಕಿಸತಕ್ಕದ್ದು. ತಿಂಗಳಿಗೊಮ್ಮೆ ತಪಾಸಣೆಗೆ ಬರುವುದರಿಂದ ಚಿಕಿತ್ಸಾಲಯದ ಪರಿಚಯವಾಗಿ ಭಯವು ಕ್ರಮೇಣ ತಗ್ಗುವುದೂ ಉಂಟು.

8. ಸೌಲಭ್ಯ ಪಡೆಯುವ ವಿಧಾನ

8.1 ಮೊದಲಿಗೆ ಸಮೀಪದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ದಂತ ವಿಭಾಗಕ್ಕೆ ಭೇಟಿ ನೀಡತಕ್ಕದ್ದು. ಅಗತ್ಯವಿದ್ದಲ್ಲಿ ಅಲ್ಲಿಂದ ತಜ್ಞ ಸಂಸ್ಥೆಗೆ ಕಳುಹಿಸಲಾಗುತ್ತದೆ.

8.2 ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ 1958ರಲ್ಲಿ ಸ್ಥಾಪಿತವಾದ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಿ ವಕ್ರದಂತ ಚಿಕಿತ್ಸೆ ಹಾಗೂ ಮಕ್ಕಳ ದಂತ ಚಿಕಿತ್ಸೆಗೆ ಪ್ರತ್ಯೇಕ ವಿಭಾಗಗಳಿವೆ. ಖಾಸಗಿ ದಂತ ಕಾಲೇಜುಗಳಲ್ಲಿಯೂ ಪ್ರಾಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿ ವೈದ್ಯರು ಚಿಕಿತ್ಸೆ ನೀಡುವುದರಿಂದ ಸಾಮಾನ್ಯವಾಗಿ ದರ ಕಡಿಮೆಯಿರುತ್ತದೆ, ಆದರೆ ಸಮಯ ಹೆಚ್ಚು ಬೇಕಾಗುತ್ತದೆ.

8.3 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರ್ಕಾರಿ, ಅನುದಾನಿತ ಶಾಲೆಗಳ ಮಕ್ಕಳನ್ನು 18 ವರ್ಷದವರೆಗೆ ತಪಾಸಣೆ ಮಾಡಲಾಗುತ್ತದೆ. ಹಲ್ಲಿನ ಹುಳುಕು ಮತ್ತು ಸೀಳುತುಟಿ, ಸೀಳಂಗಳ ಈ ಕಾರ್ಯಕ್ರಮದ ಪಟ್ಟಿಯಲ್ಲಿವೆ.

8.4 ಆಯುಷ್ಮಾನ್ ಭಾರತ್ ಯೋಜನೆಯ ನಿಯಮಗಳಂತೆ ಹಲ್ಲು ತುಂಬುವುದು, ರೂಟ್ ಕೆನಾಲ್ ಹಾಗೂ ಸೌಂದರ್ಯಕ್ಕಾಗಿ ಮಾಡುವ ದಂತ ಚಿಕಿತ್ಸೆಗಳು ಒಳಪಡುವುದಿಲ್ಲ. ರೋಗ ಅಥವಾ ಅಪಘಾತದಿಂದ ಉಂಟಾಗಿ ಒಳರೋಗಿಯಾಗಿ ದಾಖಲಾಗಬೇಕಾದ ಚಿಕಿತ್ಸೆಗಳನ್ನು ಪರಿಗಣಿಸಲಾಗುತ್ತದೆ. ದವಡೆ ಮುರಿತ ಮುಂತಾದ ಪ್ರಕರಣಗಳಲ್ಲಿ ಆಸ್ಪತ್ರೆಯ ಆರೋಗ್ಯಮಿತ್ರರನ್ನು ವಿಚಾರಿಸತಕ್ಕದ್ದು.

8.5 ಜೊತೆಯಲ್ಲಿ ತರಬೇಕಾದವು: ಆಧಾರ್ ಚೀಟಿ, ಪಡಿತರ ಚೀಟಿ, ಹಿಂದಿನ ಎಕ್ಸ್-ರೇ ಮತ್ತು ಚಿಕಿತ್ಸಾ ಚೀಟಿಗಳು, ಸೇವಿಸುತ್ತಿರುವ ಔಷಧಿಗಳ ಪಟ್ಟಿ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಅದನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸತಕ್ಕದ್ದು. 18 ವರ್ಷದೊಳಗಿನವರಿಗೆ ಪೋಷಕರ ಒಪ್ಪಿಗೆ ಅಗತ್ಯ.

9. ಹಣ ಪಾವತಿಸುವ ಮುನ್ನ ಗಮನಿಸಬೇಕಾದ ಅಂಶಗಳು

(1) ವೈದ್ಯರ ನೋಂದಣಿ ಸಂಖ್ಯೆಯನ್ನು ಪರಿಶೀಲಿಸಬೇಕು. ವಕ್ರದಂತ ತಜ್ಞರು ಬಿ.ಡಿ.ಎಸ್. ನಂತರ ಆರ್ಥೊಡಾಂಟಿಕ್ಸ್ ವಿಷಯದಲ್ಲಿ 3 ವರ್ಷಗಳ ಎಂ.ಡಿ.ಎಸ್. ಪದವಿ ಪಡೆದಿರುತ್ತಾರೆ.

(2) ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರಂತೆ ಖಾಸಗಿ ಚಿಕಿತ್ಸಾಲಯಗಳು ನೋಂದಣಿ ಹೊಂದಿರಬೇಕು ಹಾಗೂ ದರಗಳ ಮಾಹಿತಿಯನ್ನು ಪ್ರದರ್ಶಿಸಬೇಕು.

(3) ಒಟ್ಟು ಅಂದಾಜು ವೆಚ್ಚವನ್ನು ಲಿಖಿತವಾಗಿ ಪಡೆಯಬೇಕು. ಎಕ್ಸ್-ರೇ, ಹಲ್ಲು ಕೀಳುವಿಕೆ, ಕಳಚಿದ ಬ್ರಾಕೆಟ್‌ನ ಮರು ಅಳವಡಿಕೆ ಮತ್ತು ರಿಟೇನರ್ ಇದರಲ್ಲಿ ಸೇರಿವೆಯೇ ಎಂದು ಕೇಳಬೇಕು. ಪೂರ್ಣ ಮೊತ್ತವನ್ನು ಒಮ್ಮೆಗೇ ನೀಡುವ ಬದಲು ಕಂತುಗಳಲ್ಲಿ ಪಾವತಿಸಿ ಪ್ರತಿ ಕಂತಿಗೂ ರಸೀದಿ ಪಡೆಯುವುದು ಸೂಕ್ತ.

(4) ವೈದ್ಯರ ನೇರ ಪರೀಕ್ಷೆ ಹಾಗೂ ಎಕ್ಸ್-ರೇ ಇಲ್ಲದೆ ಅಂಚೆಯ ಮೂಲಕ ಅಲೈನರ್ ತರಿಸಿಕೊಳ್ಳಬಾರದು. ಅಮೆರಿಕದಲ್ಲಿ ಇಂತಹ ವ್ಯವಹಾರ ನಡೆಸುತ್ತಿದ್ದ ದೊಡ್ಡ ಕಂಪನಿಯೊಂದು 2023ರ ಡಿಸೆಂಬರ್‌ನಲ್ಲಿ ಬಾಗಿಲು ಮುಚ್ಚಿದಾಗ ಗ್ರಾಹಕರ ಚಿಕಿತ್ಸೆ ಅರ್ಧಕ್ಕೆ ನಿಂತಿತು. ರಬ್ಬರ್ ಬ್ಯಾಂಡ್ ಬಳಸಿ ಮನೆಯಲ್ಲಿಯೇ ಹಲ್ಲಿನ ಸಂದು ಮುಚ್ಚುವ ಪ್ರಯತ್ನದಿಂದ ಹಲ್ಲು ಉದುರಿಹೋಗುವ ಅಪಾಯವಿದೆ.

(5) ಖಾಸಗಿ ಸಂಸ್ಥೆಗಳ ವಿರುದ್ಧದ ದೂರುಗಳನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರಕ್ಕೆ ಸಲ್ಲಿಸಬಹುದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮೇಲಿನ ಹಲ್ಲು ಕಿತ್ತರೆ ಕಣ್ಣಿನ ದೃಷ್ಟಿ ಕಡಿಮೆಯಾಗುವುದೇ?
ಉತ್ತರ: ಇಲ್ಲ. ಇದು ತಪ್ಪು ತಿಳಿವಳಿಕೆ. ಹಲ್ಲಿನ ನರಕ್ಕೂ ದೃಷ್ಟಿಯ ನರಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಹಾಲುಹಲ್ಲು ಹೇಗೂ ಬೀಳುವುದರಿಂದ ಅದಕ್ಕೆ ಚಿಕಿತ್ಸೆ ಏಕೆ?
ಉತ್ತರ: ಹಾಲುಹಲ್ಲು ಶಾಶ್ವತ ಹಲ್ಲಿಗೆ ಜಾಗವನ್ನು ಕಾದಿರಿಸುತ್ತದೆ. ಅದು ಬೇಗ ಹೋದಲ್ಲಿ ಅಕ್ಕಪಕ್ಕದ ಹಲ್ಲುಗಳು ವಾಲಿ ವಕ್ರದಂತಕ್ಕೆ ಕಾರಣವಾಗುತ್ತದೆ.

ಪ್ರಶ್ನೆ: ದಂತ ಭಾಗ್ಯ ಯೋಜನೆಯಡಿ ಕ್ಲಿಪ್ ದೊರೆಯುವುದೇ?
ಉತ್ತರ: ಸದರಿ ಯೋಜನೆಯು ಹಲ್ಲುಗಳನ್ನು ಕಳೆದುಕೊಂಡ ಬಿ.ಪಿ.ಎಲ್. ಕುಟುಂಬದ ಹಿರಿಯರಿಗೆ ಕೃತಕ ದಂತಪಂಕ್ತಿ ಒದಗಿಸುವ ಉದ್ದೇಶದ್ದು. ವಕ್ರದಂತ ಚಿಕಿತ್ಸೆ ಅದರ ಉದ್ದೇಶವಲ್ಲ.

ಪ್ರಶ್ನೆ: ಮಗುವಿನ ಭಯ ಹೋಗಲಾಡಿಸಲು ಪೋಷಕರು ಏನು ಮಾಡಬೇಕು?
ಉತ್ತರ: ಹಟ ಮಾಡಿದರೆ ಸೂಜಿ ಚುಚ್ಚಿಸುವುದಾಗಿ ಮಕ್ಕಳನ್ನು ಎಂದಿಗೂ ಹೆದರಿಸಬಾರದು. ನೋವು ಬರುವ ಮೊದಲೇ, ಕೇವಲ ಪರೀಕ್ಷೆಗಾಗಿ ಒಮ್ಮೆ ಕರೆದೊಯ್ಯಬೇಕು. ಮೊದಲ ಭೇಟಿಯಲ್ಲಿ ನೋವಾಗದಿದ್ದಲ್ಲಿ ಮುಂದಿನ ಭೇಟಿಗೆ ಮಗು ತಾನಾಗಿ ಬರುತ್ತದೆ.

ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಇದು ವೈದ್ಯರ ಪರೀಕ್ಷೆಗೆ ಬದಲಿಯಲ್ಲ. ಸಾರ್ವಜನಿಕರು ಭಯದ ಕಾರಣದಿಂದ ಚಿಕಿತ್ಸೆಯನ್ನು ಮುಂದೂಡದೆ, ಮೊದಲ ಭೇಟಿಯಲ್ಲಿಯೇ ತಮ್ಮ ಭಯವನ್ನು ವೈದ್ಯರಿಗೆ ತಿಳಿಸಿ, ಸೌಲಭ್ಯಗಳ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.